ಉಪವಾಸದ ಸೀಸೆ

ಎಡಗೈಯೋ ಬಲಗೈಯೋ, ಅದನ್ನೇ ಈಗ ಖಾತ್ರಿಯಾಗಿ ಹೇಳಲಾರೆ. ಹೆಬ್ಬೆರಳು ಮತ್ತು ತೋರುಬೆರಳಿನ ತುದಿ ನೇರಳೆ ಬಣ್ಣಕ್ಕೆ ತಿರುಗಿದ್ದವು, ಉಗುರಿನ ಸಂದಿಯಲ್ಲಿ ಆ ಬಣ್ಣ ಇನ್ನೂ ಗಾಢವಾಗಿತ್ತು, ಇಷ್ಟು ನಿಜ. ನಿಜ ಎಂದುಕೊಂಡಿದ್ದೇನೆ. ಬಾಡಿಗೆಗೆ ಕೋಣೆ ಕೇಳಲು ಸರ್ ನಮ್ಮ ಮನೆಗೆ ಬಂದ ದಿನವೇ ನಾನು ಅವರ ಆ ಬೆರಳುಗಳನ್ನು ನೋಡಿದೆ ಎಂದು ಬಹಳ ವರ್ಷ ಹೇಳಿಕೊಂಡು ಬಂದೆ. ಆದರೆ ಆ ಬಣ್ಣ ಮೂಡಿಸುವ ಔಷಧದ ಬಾಟಲಿ ಮುಂಬೈಯಿಂದ ಅವರ ಕೈಸೇರಿದ್ದು ಅವರು ನಮ್ಮ ಮನೆಗೆ ಬಂದು ಎಷ್ಟೋ ತಿಂಗಳಾದ ಮೇಲೆ. ಹಾಗಾದರೆ ಮೊದಲ ದಿನ ನಾನು ಕಂಡದ್ದು ಏನನ್ನು? ಬಾಗಿಲಲ್ಲಿ ನಿಂತ ಒಬ್ಬ ತೆಳ್ಳನೆಯ ಮನುಷ್ಯನನ್ನು ಇರಬೇಕು. ಬೆರಳುಗಳನ್ನು ಆಮೇಲೆ ನಾನೇ ತಂದು ಅಂಟಿಸಿದ್ದೇನೆ. ನೆನಪು ಹೀಗೆ ಬಣ್ಣ ಹಚ್ಚುವ ಕೆಲಸ ಮಾಡುತ್ತದೆ, ಆದ್ದರಿಂದ ಇಲ್ಲಿ ಬರೆದದ್ದನ್ನು ಓದುವವರು ಅಷ್ಟು ಅನುಮಾನ ಇಟ್ಟುಕೊಂಡೇ ಓದಬೇಕು.

ಅವರು ಗದಗಿನ ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುತ್ತಿದ್ದರು. ನಾನು ಬೆಟಗೇರಿಯ ಪ್ರಾಥಮಿಕ ಶಾಲೆಯಲ್ಲಿ ಮಾಸ್ತರ. ನಾನು ಅವರನ್ನು ಸರ್ ಎನ್ನುತ್ತಿದ್ದೆ. ಅವರು ನನ್ನನ್ನು, ಸ್ವಲ್ಪ ಚೇಷ್ಟೆಯಿಂದ, ಗುರುಗಳು ಎನ್ನುತ್ತಿದ್ದರು. ನಮ್ಮದು ನೇಕಾರರ ಓಣಿ. ಪಡಸಾಲೆಯಲ್ಲಿ ನೆಲ ತೋಡಿ ಕೂರಿಸಿದ ಅಪ್ಪನ ಕುಣಿಮಗ್ಗ, ಹಿಂದೆ ಅಡುಗೆಮನೆ, ಅದರ ಪಕ್ಕದ ಕೋಣೆ ಅವರಿಗೆ. ಅವರು ಲಕ್ಷ್ಮೇಶ್ವರದ ಕಡೆಯವರು, ಗುಡಿಯ ಪೂಜೆ ಮತ್ತು ಶಾಲೆ ಮಾಸ್ತರಿಕೆ ನಡೆಸಿಕೊಂಡು ಬಂದ ಮನೆತನ. "ನಾ ಹುಟ್ಟಿದ್ದು ಒಬ್ಬ ರಾಜಾನ ಕೈಯಾಗ, ಓದಿದ್ದು ಇಂಗ್ಲೀಷರ ಕೈಯಾಗ, ಪಗಾರ ಮುಂಬೈ ಸರಕಾರದ ಕೈಯಾಗ. ಮುಂದ ಮೈಸೂರವ್ರ ಕೈಯಾಗ ಬೀಳೋ ಹಂಗ ಅದ. ಇಷ್ಟ ಕೈ ಬದಲಾದ್ರ ಮಡಕಿನೂ ಒಡೀತದ ಗುರುಗಳ," ಎಂದು ನಗುತ್ತಿದ್ದರು. ಏಕೀಕರಣದ ಮೆರವಣಿಗೆಗಳು ಬೀದಿಯಲ್ಲಿ ನಡೆಯುತ್ತಿದ್ದ ಕಾಲ ಅದು. ನಾನು ಘೋಷಣೆ ಕೂಗಿ ಗಂಟಲು ಕಟ್ಟಿಸಿಕೊಂಡು ಬಂದರೆ ಅವರು ಬಿಸಿನೀರಿಗೆ ಉಪ್ಪು ಹಾಕಿ ಕೊಡುತ್ತಿದ್ದರು.

ಅವರ ನೌಕರಿ ಹಂಗಾಮಿಯದು. ಕಾಯಂ ಆಗಬೇಕಾದರೆ ಸಂಶೋಧನೆ ಮಾಡಿ ಪ್ರಬಂಧ ಬರೆದು ಮೇಲಿನ ಪದವಿ ಪಡೆಯಬೇಕಿತ್ತು, ಅದೂ ಆ ಬೇಸಿಗೆಯೊಳಗೆ. ಆಗದಿದ್ದರೆ ಪದವಿ ಇದ್ದ ಬೇರೆಯವರು ಆ ಜಾಗಕ್ಕೆ ಬರುವುದು ಎಂದೋ ನಿಶ್ಚಯವಾಗಿತ್ತು. ಇದು ಮನೆಯಲ್ಲಿ ಎಲ್ಲರಿಗೂ ತಿಳಿದಿತ್ತು. ಅವ್ವ ದೇವರ ಮುಂದೆ ಹೇಳಿಕೊಳ್ಳುವಾಗ ನನ್ನ ಮದುವೆಯ ನಂತರದ ಸಾಲಿನಲ್ಲಿ, ತಾನು ಮಾಸ್ತರ ಎಂದೇ ಕರೆಯುತ್ತಿದ್ದ ಸರ್ ಅವರ ನೌಕರಿಯನ್ನೂ ಸೇರಿಸಿದ್ದಳು.

ಅವರು ಸಾಕುತ್ತಿದ್ದದ್ದು ಯೀಸ್ಟ್, ಬ್ರೆಡ್ಡಿನ ಹಿಟ್ಟು ಉಬ್ಬಿಸುವ ಹುದುಗು. ಕಣ್ಣಿಗೆ ಕಾಣದ ಜೀವಕೋಶಗಳು. ಸೀಸೆಯ ನೀರಿನಲ್ಲಿ ಬೆಳೆದಾಗ ಅಕ್ಕಿ ತೊಳೆದ ನೀರಿನ ಹಾಗೆ ಬೆಳ್ಳಗಾಗುತ್ತವೆ. ಕಾಲೇಜಿನಲ್ಲಿ ಆಮ್ಲಗಳ ಹೊಗೆ, ನೂರು ಜನರ ಕೈ. ಯೀಸ್ಟಿಗೆ ಹದವಾದ ಬೆಚ್ಚನೆಯ ಜಾಗ ಬೇಕು. ನಮ್ಮ ಒಲೆಯ ಪಕ್ಕದ ಗೋಡೆಯೊಳಗಿನ ಮಾಡ ಅದಕ್ಕೆ ಹೇಳಿ ಮಾಡಿಸಿದಂತಿದೆ ಎಂದು ಅವರು ಕೈಯಿಟ್ಟು ನೋಡಿ ತೀರ್ಮಾನಿಸಿದರು. ಸೀಸೆಯ ಬಾಯಿಗೆ ತುರುಕಲು ಅರಳೆ ಬೇಕೆಂದು ಗದಗಿನ ಅರಳೆ ಪೇಟೆಗೆ ಹೋಗಿ, ಎಳೆ ಜಗ್ಗಿ ನೋಡಿ, ಮೂಗಿಗೆ ಹಿಡಿದು ನೋಡಿ, ದಲಾಲರು ಯಾರೋ ಮಿಲ್ಲಿನ ಕಡೆಯವರು ಬಂದರೆಂದು ಕುರ್ಚಿ ಹಾಕಿದ ಮೇಲೆ ಒಂದು ಮುಷ್ಟಿ ಕೇಳಿ ತೆಗೆದುಕೊಂಡು ಬಂದಿದ್ದರು. ಯೀಸ್ಟಿಗೆ ಬೇಕಾದ ಸಾರಜನಕಕ್ಕೆ ಅವರು ಹೋದದ್ದು ಪಾತ್ರೆಗೆ ಕಲಾಯಿ ಹಾಕುವವನ ಬಳಿ. ಅವನ ನವಸಾಗರವನ್ನೇ ನೀರಿನಲ್ಲಿ ಕರಗಿಸಿ, ಸೋಸಿ, ಹರಳುಗಟ್ಟಿಸಿ, ಬೆಳ್ಳಗೆ ಮಾಡಿಕೊಂಡರು.

ಮಾಡದಲ್ಲಿ ಎರಡು ಸೀಸೆ ಕೂತವು. ಅವ್ವ ಅವನ್ನು ಕೂಸುಗಳೆಂದೇ ಕರೆದಳು.

"ಮಾಸ್ತರ, ಈ ಕೂಸಿಗೆ ಏನ ಕೊಡ್ತೀರಿ?"

"ಇದಕ್ಕ ಸಕ್ರಿನೂ ಅದರಿ, ನವಸಾಗರನೂ ಅದ."

"ಇದಕ್ಕ?"

"ಇದಕ್ಕ ಬರೇ ಸಕ್ರಿ."

"ಯಾಕ, ಇದೇನ ಮಲಮಗನ?"

ಅವರು ನಕ್ಕು ಬಿಡಬಹುದಿತ್ತು. ಬಿಡಲಿಲ್ಲ. ಯಾರೇ ಕೇಳಿದರೂ, ಎಷ್ಟೇ ಹೊತ್ತಾದರೂ, ತಿಳಿಸಿ ಹೇಳದೆ ಅವರಿಗೆ ಸಮಾಧಾನ ಇರುತ್ತಿರಲಿಲ್ಲ. ಅಡುಗೆಮನೆಯ ಹೊಸ್ತಿಲ ಮೇಲೆ ಕೂತು ಮಗ್ಗದ ಕಡೆ ಕೈ ತೋರಿಸಿದರು. ಜೀವಕೋಶದ ಮೈ ಅಂದರೆ ನೇಯ್ದ ಸೀರೆ. ಅದನ್ನು ನೇಯಲು ಬೇಕಾದ ನೂಲಿಗೆ ಅಮೈನೋ ಆಮ್ಲ ಅನ್ನುತ್ತಾರೆ, ಒಂದೊಂದು ಒಂದೊಂದು ಬಣ್ಣದ ನೂಲಿದ್ದ ಹಾಗೆ. ಪ್ರತಿ ಕೋಶವೂ ಮುಂದಿನ ನೇಯ್ಗೆಗೆಂದು ಒಂದಿಷ್ಟು ನೂಲನ್ನು ಒಳಗಿನ ಕಪಾಟಿನಲ್ಲಿ ಇಟ್ಟುಕೊಂಡಿರುತ್ತದೆ. ನವಸಾಗರ ಕೊಟ್ಟರೆ ಹೊಸ ನೂಲು ಮಾಡಿಕೊಳ್ಳುತ್ತದೆ. ಬರೇ ಸಕ್ಕರೆ ಕೊಟ್ಟರೆ ನೇಯುವ ಶಕ್ತಿ ಇರುತ್ತದೆ, ನೂಲು ಬರುವುದಿಲ್ಲ.

"ಆವಾಗ ಅದು ಕಪಾಟಿನಾಗಿಂದ ತಗದು ನೇಯ್ತದರಿ. ಹೊರಗ ನಿಂತವ್ರಿಗೆ ಮಗ್ಗದ ಸಪ್ಪಳ ಹಂಗ ಕೇಳಸ್ತಿರ್ತದ. ಒಳಗ ಕಪಾಟು ಖಾಲಿ ಆಗ್ಲಿಕತ್ತದ ಅಂತ ಯಾರಿಗೂ ತಿಳಿಯೂದಿಲ್ಲ. ಯಾವ ಬಣ್ಣ ಮದಲ ಮುಗೀತದ, ಯಾವದು ಕಡೀಕ, ಮತ್ತ ನೂಲು ಕೊಟ್ರ ಎಷ್ಟ ಲಗೂನ ತುಂಬತದ, ಅದನ್ನ ನಾ ನೋಡಬೇಕಾಗೇದ."

ಅವ್ವ ನಗಲಿಲ್ಲ. ಯುದ್ಧದ ಕಾಲದಲ್ಲಿ ನೂಲಿಗೆ ಕಂಟ್ರೋಲು ಬಂದು ಓಣಿಯ ಮಗ್ಗಗಳು ಒಂದೊಂದಾಗಿ ನಿಂತದ್ದನ್ನು ಅವಳು ನೋಡಿದವಳು. "ನೂಲಿಲ್ಲದ ದಿನ ನಂಗ ಗೊತ್ತು ಮಾಸ್ತರ," ಎಂದಳು. "ನಿಮ್ಮ ಕೂಸಿಗೆ ಯಾಕ ತೋರಸ್ತೀರಿ ಅವನ್ನ?"

ಸರ್ ಎದ್ದು ಸೀಸೆಯ ಬಾಯಿಯ ಅರಳೆಯನ್ನು ಸರಿಮಾಡಿದರು. ಏನು ಉತ್ತರ ಕೊಟ್ಟರೋ ನನಗೆ ನೆನಪಿಲ್ಲ.

ಅವರು ಮನುಷ್ಯರಾಗಿ ಹೇಗಿದ್ದರು ಎನ್ನುವುದನ್ನು ಹೇಳಬೇಕು. ಚಹಾ ಬಿಸಿಯಾಗಿದೆ ಎಂದು ಅವರು ಹೇಳುತ್ತಿರಲಿಲ್ಲ, ಹೊಗೆ ಏಳುತ್ತಿದೆ ಎನ್ನುತ್ತಿದ್ದರು. ಪಕ್ಕದ ಮನೆಯಾಕೆ ಸಿಟ್ಟಾಗಿದ್ದಾಳೆ ಎಂದು ನಾನಂದರೆ, "ಬಾಗಲಾ ಜೋರಾಗಿ ಹಾಕಿದ್ಳು. ಗಾಳಿನೂ ಇತ್ತು," ಎಂದು ತಿದ್ದುತ್ತಿದ್ದರು. ಇದು ನನಗೆ ಮೊದಮೊದಲು ವಿಪರೀತ ರೇಗಿಸುತ್ತಿತ್ತು. ನಾನಾಗ ಕವಿತೆ ಬರೆಯುತ್ತಿದ್ದೆ. ನಾಡು ಒಂದಾಗುವುದರ ಮೇಲೆ ಒಂದು ಉದ್ದನೆಯ ಪದ್ಯ ಬರೆದು ಅವರ ಮುಂದೆ ಓದಿದೆ. ಕೋಟಿ ಕೊರಳು, ಉರಿವ ದೀಪ, ತಾಯಿಯ ಕಣ್ಣೀರು, ಎಲ್ಲಾ ಇದ್ದವು. ಕಣ್ಣು ಮುಚ್ಚಿ ಕೇಳಿದರು. ನಾನು ಮೆಚ್ಚುಗೆಗೆ ಕಾಯುತ್ತಿದ್ದೆ.

"ಗುರುಗಳ, ಇದರಾಗ ನೀವು ಕಂಡದ್ದ ಯಾವದು, ಅಂದ್ಕೊಂಡದ್ದ ಯಾವದು?"

"ಕವಿತಾ ಅಂದ್ರ ಹಂಗೆಲ್ಲಾ ಬ್ಯಾರೆ ಮಾಡಾಕ ಬರಂಗಿಲ್ರಿ."

"ಬರದಿದ್ರ ಬಿಡ್ರಿ. ಆದ್ರ ಮೆರವಣಿಗ್ಯಾಗ ನಿಮ್ಮ ಚಪ್ಲಿ ಕಿತ್ತಿತ್ತಲ್ಲ, ಒಂದ ಕಾಲಾಗ ಮನಿಗೆ ಬಂದ್ರಿ. ಅದು ಎಲ್ಲೂ ಬಂದಿಲ್ಲ."

ಎದ್ದು ಹೋದೆ. ಎರಡು ದಿನ ಮಾತಾಡಲಿಲ್ಲ. ಅವರು ಅದನ್ನು ಗಮನಿಸಿದರೋ ಇಲ್ಲವೋ, ದಿನಾ ಬೆಳಿಗ್ಗೆ ನನ್ನ ಚಪ್ಪಲಿಗೆ ಹೊಡೆಸಿದ ಹೊಸ ಉಂಗುಷ್ಟದ, ಅಂದರೆ ಹೆಬ್ಬೆರಳ ಪಟ್ಟಿಯ, ಕಡೆ ಒಮ್ಮೆ ನೋಡಿ ಮುಂದೆ ಹೋಗುತ್ತಿದ್ದರು.

ಆ ವರ್ಷದ ಎಳ್ಳಮಾವಾಸ್ಯೆಯ ಹೊತ್ತಿಗೆ, ಅಮೈನೋ ಆಮ್ಲ ಇದ್ದಲ್ಲಿ ನೇರಳೆ ಕಲೆ ಮೂಡಿಸುವ ಅವರ ಔಷಧದ ಬಾಟಲಿಯ ತಳ ಕಾಣುತ್ತಿತ್ತು. ಕೋಶಗಳ ರಸ ಹನಿಸಿ ಪರೀಕ್ಷಿಸಿದ್ದ ಹಿಂದಿನ ಕಾಗದಗಳು ಒಂದಲ್ಲ ಒಂದು ಕಾರಣಕ್ಕೆ ಕೆಟ್ಟಿದ್ದವು: ಒಂದರಲ್ಲಿ ಕಲೆಗಳು ಒಂದರ ಮೇಲೊಂದು ಹರಿದಿದ್ದವು, ಇನ್ನೊಂದಕ್ಕೆ ಅವರದೇ ಬೆವರಿನ ಬೆರಳು ತಾಗಿ ಬೆರಳಚ್ಚೇ ನೇರಳೆಯಾಗಿ ಮೂಡಿತ್ತು. ಇನ್ನೊಂದೇ ಕಾಗದಕ್ಕಾಗುವಷ್ಟು ಔಷಧ ಉಳಿದಿತ್ತು. ಮುಂಬೈಯಿಂದ ಮತ್ತೆ ತರಿಸುವುದರೊಳಗೆ ಬೇಸಿಗೆ ಮುಗಿಯುತ್ತದೆ. ಹಬ್ಬದ ದಿನ ಮಧ್ಯಾಹ್ನ ಉಪವಾಸದ ಸೀಸೆಯನ್ನು ತೆಗೆದು, ಕೋಶಗಳನ್ನು ತೊಳೆದು, ಕುದಿಸಿ, ಒಳಗಿನ ರಸ ಇಳಿಸಿಕೊಳ್ಳುವುದು ಎಂದು ನಿಶ್ಚಯಿಸಿದ್ದರು.

ಅವ್ವ ಹೊಂಬಳದ ಒಕ್ಕಲುತನದ ಮನೆಯ ಮಗಳು. ಎಳ್ಳಮಾವಾಸ್ಯೆಗೆ ಒಕ್ಕಲಿಗರು ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗುತ್ತಾರೆ. ತಾವು ಉಣ್ಣುವ ಮೊದಲು ಅಡುಗೆಯನ್ನೆಲ್ಲ ಕಲಸಿ ಬೆಳೆಯ ಸುತ್ತ, ಮಣ್ಣಿಗೆ, ಎರಚುತ್ತಾರೆ. ಚರಗ ಚೆಲ್ಲುವುದು ಅನ್ನುತ್ತಾರೆ. ನೇಕಾರರ ಮನೆಗೆ ಬಂದ ಅವ್ವನಿಗೆ ಹೊಲ ಇರಲಿಲ್ಲ. ಆದರೂ ಚರಗ ಬಿಟ್ಟಿರಲಿಲ್ಲ. ಮಗ್ಗದ ಕುಣಿಗೆ ಒಂದು ತುತ್ತು, ತುಳಸಿಗೆ ಒಂದು, ಹಿತ್ತಲ ಬೇವಿಗೆ ಒಂದು, ಎಮ್ಮೆಗೆ ಒಂದು. ಮನೆಯಲ್ಲಿ ಏನೇನು ಜೀವ ಇದೆಯೋ, ಏನೇನು ದುಡಿಯುತ್ತದೆಯೋ ಎಲ್ಲದಕ್ಕೂ. ಓಣಿಯ ಹೆಂಗಸರು ನಗುತ್ತಿದ್ದರು. ಅವ್ವ ಕಿವಿಗೆ ಹಾಕಿಕೊಳ್ಳುತ್ತಿರಲಿಲ್ಲ.

ಅಂದು ಶೇಂಗಾ ಹೋಳಿಗೆ, ಸಜ್ಜೆ ಕಡಬು, ಪುಂಡಿಪಲ್ಯ. ಸರ್ ನಮ್ಮ ಜೊತೆಗೇ ಉಂಡರು. ಹೋಳಿಗೆ ಚೆನ್ನಾಗಿದೆ ಎನ್ನದೆ, ಇನ್ನೊಂದು ಹಾಕಿರಿ ಎಂದರು. ಊಟ ಮುಗಿಸಿ ಸೀಸೆ ತೆಗೆದುಕೊಂಡು ಕೋಣೆಗೆ ಹೋದರು.

ಕಾಗದದ ಕೆಲಸಕ್ಕೆ ಒಂದು ರಾತ್ರಿ ಬೇಕು. ಉಂಡ ಸೀಸೆಯ ರಸದ್ದೊಂದು ಹನಿ, ಉಪವಾಸದ ಸೀಸೆಯದೊಂದು ಹನಿ, ಕಾಗದದ ಅಂಚಿನಲ್ಲಿ ಅಕ್ಕಪಕ್ಕ. ಆ ಕಾಗದವನ್ನು ಉಪ್ಪಿನಕಾಯಿಯ ಗಾಜಿನ ಭರಣಿಯೊಳಗೆ ಇಳಿಬಿಟ್ಟು ಮುಚ್ಚಳ ಹಾಕುತ್ತಿದ್ದರು. ಭರಣಿಯ ತಳದ ದ್ರವ, ಅದರ ವಾಸನೆಗೆ ಬೆಕ್ಕು ಕೂಡ ಮನೆ ಬಿಡುತ್ತಿತ್ತು, ಕಾಗದದಲ್ಲಿ ಮೇಲೇರುತ್ತ ಒಂದೊಂದು ಅಮೈನೋ ಆಮ್ಲವನ್ನು ಒಂದೊಂದು ಎತ್ತರಕ್ಕೆ ಬಿಟ್ಟು ಹೋಗುತ್ತದೆ. ಮರುದಿನ ಒಣಗಿಸಿ, ಅತ್ತರಿನ ಪಿಚಕಾರಿಯಿಂದ ಕೊನೆಯ ಔಷಧ ಸಿಂಪಡಿಸಿ, ಕೆಂಡದ ಇಸ್ತ್ರಿಪೆಟ್ಟಿಗೆಯನ್ನು ಕಾಗದಕ್ಕೆ ತಾಗದ ಹಾಗೆ ಮೇಲಿನಿಂದ ಆಡಿಸಿದರು. ನನ್ನನ್ನು ಕರೆದು ಪಕ್ಕದಲ್ಲಿ ನಿಲ್ಲಿಸಿಕೊಂಡಿದ್ದರು.

ಬಿಳಿ ಕಾಗದದಲ್ಲಿ ಕಲೆಗಳು ಎದ್ದು ಬಂದವು. ಅಂಥದ್ದನ್ನು ನಾನು ಅದುವರೆಗೆ ನೋಡಿರಲಿಲ್ಲ.

"ಕಂಡದ್ದ ಹೇಳ್ರಿ ಗುರುಗಳ," ಎಂದರು. ಅವರ ದನಿ ಬದಲಾಗಿತ್ತು.

"ಎಡಕ್ಕ ನೇರಳೆ ಕಲೆ. ಬಲಕ್ಕೂ ನೇರಳೆ ಕಲೆ. ಬಲಗಡೇವು ಇನ್ನೂ ದೊಡ್ಡವು."

"ಬಲಗಡೆ ಯಾವ ಸೀಸೆ?"

"ಉಪಾಸದ್ದು."

ಇಸ್ತ್ರಿಪೆಟ್ಟಿಗೆಯನ್ನು ಕೆಳಗಿಟ್ಟರು. ಖಾಲಿ ಕಪಾಟಿನ ಕಡೆ ಕಲೆಗಳು ಸಣ್ಣಗಿರಬೇಕಿತ್ತು. ಸೀಸೆ ಅದಲು ಬದಲಾಯಿತೇ ಎಂದು ಗುರುತು ನೋಡಿದರು, ಆಗಿರಲಿಲ್ಲ. ನಂತರ ಅಡುಗೆಮನೆಯ ಹೊಸ್ತಿಲಿಗೆ ಹೋಗಿ ನಿಂತರು. ಕೇಳುವ ಮೊದಲೇ ಅವ್ವ ಹೇಳಿದಳು. ಅವಳು ಮುಚ್ಚಿಡುವವಳಲ್ಲ.

"ನಾನ ಹಾಕೇನಿ. ಒಂದ ಚಮಚ ತಿಳಿ ಅಂಬಲಿ, ಮಜ್ಜಿಗಿ ಕೂಡ್ಸಿ. ಹಬ್ಬದ ದಿನ ಮನ್ಯಾಗ ಒಂದ ಜೀವ ಉಪಾಸ ಇಟ್ಟ ನಾ ಹೆಂಗ ಉಣ್ಲಿ?"

ನಾನು ಬಾಗಿಲಿಗೆ ಒರಗಿ ನಿಂತಿದ್ದೆ. ಅಪ್ಪ ಮಗ್ಗ ನಿಲ್ಲಿಸಿದ. ಸರ್ ಇನ್ನೇನು ಕೂಗಾಡುತ್ತಾರೆ ಅಥವಾ ತಲೆ ಹಿಡಿದು ಕುಸಿಯುತ್ತಾರೆ ಅನ್ನಿಸಿತ್ತು.

"ಯಾವಾಗ ಹಾಕಿದ್ರಿ?"

"ನೀವು ಬಾವಿ ಕಟ್ಟಿಮ್ಯಾಲ ಜಳಕಾ ಮಾಡಾಕತ್ತಿದ್ರಿ. ಆಮ್ಯಾಲ ಎಲ್ಲಾರೂ ಉಣ್ಣಾಕ ಕುಂತ್ರಿ."

"ಅಂದ್ರ ಒಂದು ಊಟದ ಹೊತ್ತು," ಎಂದರು ತಮ್ಮಷ್ಟಕ್ಕೆ. "ಅಷ್ಟರಾಗ ಕಪಾಟು ತುಂಬಿ ಹೊರಗ ಚೆಲ್ಲೋ ಹಂಗ ಆಗೇದ. ಹಸದವ್ರು ಮನಿ ತುಂಬ ತಂದಿಟ್ಕೋತಾರ ನೋಡ್ರಿ ಹಂಗ." ಮುಖದಲ್ಲಿ ಒಂದು ಬೆಳಕು ಬಂದು ಹೋಯಿತು ಎಂದು ಬರೆಯಲು ನನ್ನ ಕೈ ಹಾತೊರೆಯುತ್ತಿದೆ. ಬಂದಿತೋ ಇಲ್ಲವೋ. ಹುಬ್ಬು ಮೇಲೇರಿದ್ದು ಕಂಡೆ.

"ಮತ್ತ ಅದನ್ನ ಬರೀರಲ್ಲ?" ಎಂದಳು ಅವ್ವ.

"ಬರೀಲಿಕ್ಕೆ ಬರೂದಿಲ್ಲವ್ವಾ. ಅಂಬಲ್ಯಾಗ ಏನೇನಿತ್ತು, ಎಷ್ಟಿತ್ತು, ಮಜ್ಜಿಗಿ ಯಾವ ಎಮ್ಮೀದು…"

"ಎಮ್ಮಿ ನಮ್ದ."

ಆಗ ಅವರು ನಕ್ಕರು. ನಗುತ್ತಲೇ ಗೋಡೆ ಹಿಡಿದು ಕೂತುಬಿಟ್ಟರು. "ನೊರಿ ಹೆಚ್ಚಿತ್ತು ಗುರುಗಳ. ಸೀಸೆ ತಗೀವಾಗ ನಾ ಕಂಡೆ. ಕಂಡು ಸುಮ್ನಾದೆ. ಹೋಳಿಗಿ ಉಂಡಿದ್ದೆ," ಎಂದರು. ಆ ದಿನದಿಂದ ಯಾರು ಕೇಳಿದರೂ ಅವರು ಹೇಳಿದ ಕಾರಣ ಅದೊಂದೇ: ನೊರೆ ಹೆಚ್ಚಿತ್ತು, ನಾನು ಲಕ್ಷ್ಯ ಕೊಡಲಿಲ್ಲ. ಅವ್ವನ ಹೆಸರು ಹೊಸ್ತಿಲು ದಾಟಲಿಲ್ಲ.

ಈ ಘಟನೆಯನ್ನು ನಾನು ಹಲವು ಕಡೆ ಹೇಳಿದ್ದೇನೆ. ಹೇಳುವಾಗೆಲ್ಲ ಸರ್ ಬಾಯಲ್ಲಿ ಒಂದು ಮಾತು ಇಡುತ್ತಿದ್ದೆ: "ಅವ್ವಾ, ನಿಮ್ಮ ಕರುಣಾನ ನನ್ನ ಪ್ರಯೋಗಕ್ಕಿಂತ ದೊಡ್ಡದು." ಕೇಳಿದವರಿಗೆ ಕಣ್ಣು ತುಂಬುತ್ತಿತ್ತು. ಮುದುಕಿಯಾದ ಅವ್ವನ ಮುಂದೆ ಒಮ್ಮೆ ಹೇಳಿದಾಗ ಅವಳು ಎಲೆಯಡಿಕೆ ಉಗಿದು, "ಹಂಗೇನ ಅಂದಿಲ್ಲ ಅಂವ. ಎಲ್ಲಿದ ತಂದ್ಯೋ ಈ ನಾಟಕದ ಮಾತ? ಅಂವ ಬರೇ ಹೊತ್ತ ಕೇಳಿದ," ಎಂದಳು. ಅಲ್ಲಿಂದ ಆ ಮಾತನ್ನು ತೆಗೆದುಹಾಕಿದ್ದೇನೆ. ಅದಿಲ್ಲದೆ ಅವರು ನನಗೆ ಇನ್ನಷ್ಟು ದೊಡ್ಡವರಾಗಿ ಕಾಣುತ್ತಾರೆ, ಏಕೆಂದು ವಿವರಿಸಲಾರೆ.

ಹಬ್ಬವಾಗಿ ಕೆಲವು ದಿನಕ್ಕೆ ಲಕ್ಷ್ಮೇಶ್ವರದಿಂದ ಅವರ ಸೋದರಮಾವ ಬಂದರು. ಕಚೇರಿಯಲ್ಲಿ ಕಾರಕೂನಿ ಮಾಡಿ ನಿವೃತ್ತರಾದವರು, ಅಳಿಯನನ್ನು ಓದಿಸಿದವರು. ಪಡಸಾಲೆಯಲ್ಲಿ ಜಮಖಾನೆಯ ಮೇಲೆ ಕೂತು ಎಲ್ಲವನ್ನೂ ಕೇಳಿಸಿಕೊಂಡರು.

"ಅಲ್ಲೋ, ಉಪಾಸ ಇದ್ದ ಹೊಟ್ಟಿ ಖಾಲಿ ಇರ್ತದ. ಇದನ್ನ ಹೇಳ್ಲಿಕ್ಕೆ ಮುಂಬೈ ಬಣ್ಣ ಯಾಕ ಬೇಕು? ಹೊರದೇಶದವ್ರು ಮಾಡಿದ್ದ ಪುಸ್ತಕದಾಗ ಅದ ಅಂತಿ. ಹಂಗ ಇತ್ತು ಅಂತ ಬರದ ಕೊಡು."

"ಅವ್ರ ಯೀಸ್ಟಿಂದು ಅವ್ರು ಬರದಾರ ಮಾಮಾ."

"ನಿಂದೇನ ಬ್ಯಾರೆ ಜಾತೀದೇನು? ಖಾಲಿ ಆಗಿರೂದಿಲ್ಲ?"

"ಆಗಿರಬಹುದು. ನಾ ನೋಡಿಲ್ಲ."

"ನೌಕರಿ ಹೋಗ್ತದಲೇ!"

ಒಳಗಿನಿಂದ ಅವ್ವ ಸೆರಗಿಗೆ ಕೈ ಒರೆಸುತ್ತ ಬಂದಳು. "ಬರದ ಬಿಡ್ರಿ ಮಾಸ್ತರ. ಅಂಬಲಿ ಮಾತ ನಾ ಯಾರ ಮುಂದೂ ಎತ್ತಂಗಿಲ್ಲ. ದೇವ್ರ ಮ್ಯಾಲ ಆಣಿ."

ಅವರು ಅವ್ವನಿಗೆ ಕೈ ಮುಗಿದರು. ಇದನ್ನು ಖಂಡಿತ ಕಂಡಿದ್ದೇನೆ, ಅಪ್ಪನೂ ಕಂಡಿದ್ದ. ಸೋದರಮಾವ ಚಹಾ ಅರ್ಧಕ್ಕೆ ಬಿಟ್ಟು ಎದ್ದರು.

ಬೇಸಿಗೆ ಮುಗಿಯಿತು. ಪ್ರಬಂಧ ಹೋಗಲಿಲ್ಲ. ಕಾಲೇಜಿಗೆ ಬೇರೆಯವರು ಬಂದರು, ಒಳ್ಳೆಯವರೇ. ಸರ್‌ಗೆ ಮುಂಡರಗಿಯ ಕಡೆ ಹೈಸ್ಕೂಲಿನಲ್ಲಿ ಕೆಲಸ ಸಿಕ್ಕಿತು. ಚಕ್ಕಡಿಯಲ್ಲಿ ಟ್ರಂಕು ಏರಿಸುವಾಗ ಅವ್ವ ಬಾಗಿಲಿಗೆ ಬರಲಿಲ್ಲ. ಅವರೇ ಒಳಗೆ ಹೋದರು. ಏನು ಮಾತಾಡಿದರೋ ಗೊತ್ತಿಲ್ಲ. ಹೊರಬರುವಾಗ ಅವರ ಕೈಯಲ್ಲಿ ರೊಟ್ಟಿಯ ಗಂಟು ಇತ್ತು. ನಾಡು ಒಂದಾದ ದಿನ ಬೆಟಗೇರಿಯಲ್ಲಿ ಸಕ್ಕರೆ ಹಂಚಿದರು. ನಾನು ಅದರ ಮೇಲೆ ಪದ್ಯ ಬರೆಯಲು ಕೂತು, ಸಕ್ಕರೆಯನ್ನು ಹರಿದ ಕಾಗದದ ಚೂರಿನಲ್ಲಿ ಕೊಟ್ಟರು ಎಂಬ ಒಂದೇ ಸಾಲು ಬರೆದು ಎದ್ದೆ. ಅದು ನಾನು ಬರೆದ ಮೊದಲ ಸಾಲು ಎಂದು ಈಗಲೂ ತಿಳಿದಿದ್ದೇನೆ. ಅದಕ್ಕಿಂತ ಹಿಂದಿನದೆಲ್ಲ ಬೇರೆ ಯಾರೋ ಬರೆದದ್ದು. ಆಮೇಲೆ ಬರೆದದ್ದು ಒಳ್ಳೆಯದೋ ಕೆಟ್ಟದ್ದೋ, ಬರೆಯುವ ಮುನ್ನ ಒಬ್ಬರು ಪಕ್ಕದಲ್ಲಿ ನಿಂತು ಕಂಡದ್ದ ಹೇಳ್ರಿ ಎನ್ನುತ್ತಾರೆ. ಈ ಸಾಲವನ್ನು ತೀರಿಸಲು ನಾನು ಪ್ರಯತ್ನಿಸಿಲ್ಲ, ತೀರಿಸುವ ಇಚ್ಛೆಯೂ ಇಲ್ಲ.

ಎಷ್ಟೋ ವರ್ಷಗಳ ಮೇಲೆ ಶಿರಹಟ್ಟಿಯಲ್ಲಿ ಶಿಕ್ಷಕರ ಸಭೆಯೊಂದರಲ್ಲಿ ಸಿಕ್ಕರು. ಕೂದಲು ಬೆಳ್ಳಗಾಗಿತ್ತು. ಹೈಸ್ಕೂಲು ಹುಡುಗರಿಗೆ ಅಂಬಲಿ ಹುಳಿಯುವುದನ್ನು ತೋರಿಸಿ ಪಾಠ ಮಾಡುತ್ತೇನೆ ಎಂದರು. ಅವ್ವನ ಆರೋಗ್ಯ ಕೇಳಿದರು, ಎಮ್ಮೆಯದನ್ನೂ ಕೇಳಿದರು. ಬಸ್ಸಿಗೆ ಕಾಯುತ್ತ ನಿಂತಾಗ ಬಹಳ ದಿನದಿಂದ ಗಂಟಲಲ್ಲಿದ್ದದ್ದನ್ನು ಕೇಳಿಬಿಟ್ಟೆ.

"ಸರ್, ಅವತ್ತ ಮಾಮಾನ ಮಾತ ಕೇಳಿದ್ರ ನೌಕರಿ ಉಳೀತಿತ್ತಲ್ರಿ?"

"ಉಳೀತಿತ್ತು," ಎಂದರು.

ಬಸ್ಸು ಬಂತು. ಹತ್ತಿ ಕಿಟಕಿಯ ಪಕ್ಕ ಕೂತು ಕೈ ಎತ್ತಿದರು. ಅವರು ತೀರಿಕೊಂಡ ಸುದ್ದಿ ನನಗೆ ತಲುಪುವಷ್ಟರಲ್ಲಿ ಹದಿಮೂರನೆಯ ದಿನವೂ ಕಳೆದಿತ್ತು. ಅವರು ಆ ಪ್ರಯೋಗವನ್ನು ಮತ್ತೆಂದಾದರೂ ಮಾಡಿದರೇ ಎಂದು ಕೇಳಲು ಮುಂಡರಗಿಗೆ ಹೋದೆ. ಹೇಳುವವರು ಯಾರೂ ಸಿಗಲಿಲ್ಲ.

ಉಳೀತಿತ್ತು ಎಂದಾಗ ಅವರು ರಸ್ತೆಯ ಕಡೆ ನೋಡುತ್ತಿದ್ದರು, ಇಷ್ಟು ಕಂಡಿದ್ದೇನೆ. ಅದರಲ್ಲಿ ನೋವಿತ್ತೋ, ಬರೀ ಲೆಕ್ಕವಿತ್ತೋ, ನನಗೆ ಗೊತ್ತಿಲ್ಲ.